ಪ್ರಾಕ್ಸೋ ತೊಳೆದ ಕಲ್ಲು

ಕ್ರೇನಾ ಊರಿನ ಸಂತೆಯಲ್ಲಿ ಎಣ್ಣೆ ಮಾರುವವನು ಪ್ರಾಕ್ಸೋ ದೂರದಲ್ಲಿ ಕಂಡ ಕೂಡಲೇ ಅಳತೆಯ ಬಟ್ಟಲನ್ನು ಒಮ್ಮೆ ಒರೆಸಿಡುತ್ತಿದ್ದ. ಅವಳು ಬಂದರೆ ಮೊದಲು ಬಟ್ಟಲಿನೊಳಗೆ ಬೆರಳು ಹಾಕಿ ತಳ ಮುಟ್ಟಿ ನೋಡುವವಳು. ತಳಕ್ಕೆ ಮೇಣ ಮೆತ್ತಿದ್ದಾನೋ ಹೇಗೆ? ಚೀಸು ಕೊಂಡರೆ ಮುರಿದು ನೋಡುವಳು, ಅಂಜೂರ ಕೊಂಡರೆ ಬುಟ್ಟಿಯ ಅಡಿಯ ಸಾಲು ಎತ್ತಿಸುವಳು. ಹೆಂಗಸರು ಬಾವಿಯ ಹತ್ತಿರ ನಗುತ್ತಿದ್ದರು: "ಆಕೆ ಸತ್ತ ದಿನ ಪಾತಾಳಕ್ಕೆ ದಾಟಿಸೋ ಅಂಬಿಗನನ್ನೂ ದೋಣಿ ತೂತಿದೆಯಾ ಅಂತ ಕೇಳ್ತಾಳೆ ಕಣ್ರೇ."

ಮದುವೆಯಾಗಿ ಬಂದಾಗ ಅವಳು ಹೀಗಿರಲಿಲ್ಲ. ಮೊದಲನೆಯ ಗಂಡುಮಗು ಒಂಬತ್ತು ತಿಂಗಳದ್ದಾಗಿದ್ದಾಗ ಮೈ ಬಿಸಿಯಾಯಿತು. ಸೂಲಗಿತ್ತಿ ಬಂದು, ಒಸಡು ಮುಟ್ಟಿ, "ಹಲ್ಲು ಬರ್ತಿದೆ ಅಷ್ಟೆ, ಮಲಗು ತಾಯಿ" ಎಂದಳು. ಪ್ರಾಕ್ಸೋ ನಂಬಿದಳು, ಮಲಗಿದಳು. ಬೆಳಗಾಗುವಷ್ಟರಲ್ಲಿ ಮಗು ಇರಲಿಲ್ಲ. ಆಮೇಲೆ ಹುಟ್ಟಿದ ಮಗಳು ಮಿಕ್ಕಾಳಿಗೆ ಈಗ ಎರಡು ವರ್ಷ. ಆ ರಾತ್ರಿಯಿಂದ ಈಚೆಗೆ ಪ್ರಾಕ್ಸೋ ಯಾರ ಮಾತಿನ ಮೇಲೂ ತಲೆಯಿಟ್ಟು ಮಲಗಿದ್ದಿಲ್ಲ.

ಊರ ಮಕ್ಕಳನ್ನು ಕಾಯುವ ಆರ್ತೆಮಿಸ್ ದೇವಿಯ ಗುಡಿ ಹಳೆಯದು; ಮಣ್ಣಿನ ಇಟ್ಟಿಗೆ, ಮರದ ಕಂಬ. ಒಂದು ಚಳಿಗಾಲದ ಹಿಮಕ್ಕೆ ಅದರ ಮಾಡು ಕುಸಿದುಬಿತ್ತು. ಕಲ್ಲಿನಲ್ಲೇ ಕಟ್ಟೋಣ ಎಂದು ಸಭೆ ತೀರ್ಮಾನಿಸಿತು. ಹಣ? ದೇವಿಯ ಹುಲ್ಲುಗಾವಲಿನ ಬಾಡಿಗೆ ಬರುತ್ತಿತ್ತು, ಅದು ಮೆಟ್ಟಿಲಿಗೂ ಸಾಲದು. ಆಗ ಒಬ್ಬೊಬ್ಬರೇ ಸಭೆಯ ನಡುವೆ ಎದ್ದು ನಿಂತು ಹೇಳತೊಡಗಿದರು: ನನ್ನದು ಒಂದು ಜೋಡಿ ಎತ್ತು, ನನ್ನದು ಹನ್ನೆರಡು ಪೈನ್ ಮರ, ನನ್ನದು ಐವತ್ತು ಬೆಳ್ಳಿ ದ್ರಾಖ್ಮಾ. ಪಕ್ಕದ ಊರುಗಳಿಗೂ ದೂತರು ಹೋದರು. ಎರಡು ಊರು ಬೆಳ್ಳಿ ಕೊಟ್ಟವು, ಒಂದು ಊರು ಒಳ್ಳೆಯ ಮಾತು ಕೊಟ್ಟಿತು. ಹೆಂಗಸರು ಬಳೆ, ಪಿನ್ನು, ಓಲೆ ತಂದು ಪೂಜಾರಿಣಿಯ ಮುಂದೆ ಸುರಿದರು. ಪ್ರಾಕ್ಸೋ ತನ್ನ ಮದುವೆಯ ಎರಡು ಬೆಳ್ಳಿ ಪಿನ್ನು ಕೊಟ್ಟಳು. ಕೊಟ್ಟು ಹೋಗಲಿಲ್ಲ, ತಕ್ಕಡಿಗೆ ಹಾಕಿ ತೂಗಿ ಅವಳ ಹೆಸರು ಹಲಗೆಯ ಮೇಲೆ ಬೀಳುವವರೆಗೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತೇ ಇದ್ದಳು.

ಕೆಲಸ ನೋಡಿಕೊಳ್ಳಲು ಊರು ಐದು ಜನರನ್ನು ಆರಿಸಿತು. ಎಲ್ಲರೂ ಅವರನ್ನು ಐವರು ಎಂದೇ ಕರೆಯುತ್ತಿದ್ದರು. ಮೆಟ್ಟಿಲು ಒಬ್ಬನಿಗೆ, ಗೋಡೆ ಒಬ್ಬನಿಗೆ, ಮರ ಸಾಗಿಸುವುದು ಇನ್ನೊಬ್ಬನಿಗೆ ಎಂದು ತುಂಡು ತುಂಡಾಗಿ ಗುತ್ತಿಗೆ ಕೂಗಿದರು. ಮುಂಭಾಗದ ಆರು ಕಂಬಗಳನ್ನು ಆರ್ಗೋಸಿನ ಮೋಲೋನ್ ಎಂಬ ಕಲ್ಲುಕುಟಿಗ ಹಿಡಿದ. ಹೊರಗಿನವನಾದ್ದರಿಂದ ಊರಿನವರೊಬ್ಬರು ಅವನಿಗೆ ಜಾಮೀನು ನಿಲ್ಲಬೇಕು. ಅವನ ಕೆಲಸ ಮೂರು ಸಲ ತಿರಸ್ಕಾರವಾದರೆ ಗುತ್ತಿಗೆ ರದ್ದು. ಕೊಟ್ಟ ಮುಂಗಡ ಮತ್ತು ಅದರ ಅರ್ಧದಷ್ಟು ದಂಡವನ್ನು ಜಾಮೀನುದಾರ ತುಂಬಬೇಕು. ಯಾರಿದ್ದೀರಿ ಎಂದು ಐವರು ಕೇಳಿದರು. ಸಭೆ ಕೆಮ್ಮಲೂ ಇಲ್ಲ. ಪ್ರಾಕ್ಸೋಳ ಗಂಡ ತೆಲೆಸ್ ಮೌನವೆಂದರೆ ಆಗದ ಮನುಷ್ಯ. ಆ ಮೌನ ತಡೆಯಲಾರದೆ ಕೈ ಎತ್ತಿಬಿಟ್ಟ.

"ಮನೆ ಅಡ ಇಟ್ಟುಬಿಟ್ರಾ?" ಪ್ರಾಕ್ಸೋ ಕೇಳಿದಳು.

"ಮನೆ ಎಲ್ಲಿ ಇಟ್ಟೆ? ಮಾತು ಕೊಟ್ಟೆ ಅಷ್ಟೆ."

"ಮಾತು ಮುರಿದ್ರೆ ಏನು ಕೊಡ್ತೀರಿ? ಹನ್ನೊಂದು ಆಡು, ಒಂದು ಹೇಸರಗತ್ತೆ. ಅದರ ಮೇಲೆ ಉಳಿಯೋದು ಈ ಮನೆ ತಾನೆ?"

ಅತ್ತೆ ತಿಮೋ ಒಲೆಯ ಪಕ್ಕದಿಂದ, "ದೇವಿ ಕೆಲಸ ಕಣೇ, ಕೆಟ್ಟದಾಗಲ್ಲ" ಎಂದಳು.

"ದೇವಿ ಮೇಲೆ ನಂಗೇನೂ ಅನುಮಾನವಿಲ್ಲ ಅತ್ತೆ. ಆರ್ಗೋಸಿನವನ ಮೇಲೆ."

ಮರುದಿನದಿಂದಲೇ ಅವಳು ಬಾರ್ಲಿ ರೊಟ್ಟಿ, ಆಲಿವ್, ಹುರಿದ ಓಕ್ ಕಾಯಿ ಕಟ್ಟಿಕೊಂಡು, ಮಿಕ್ಕಾಳನ್ನು ಎತ್ತಿಕೊಂಡು ಗುಡಿಯ ಹತ್ತಿರ ಹೋಗತೊಡಗಿದಳು. ನೆಪ ಊಟದ್ದು, ಕಣ್ಣು ಕಲ್ಲಿನ ಮೇಲೆ. ಚೂರುಗಲ್ಲು ಬಾಯಿಗೆ ಹಾಕಿಕೊಳ್ಳುವ ಮಗುವಿನ ಮೇಲೆ ಒಂದು ಕಣ್ಣು, ಮೋಲೋನನ ಮೇಲೆ ಇನ್ನೊಂದು. ಇವನೇಕೆ ಹೆಂಡತಿಯನ್ನು ಕರೆತಂದಿಲ್ಲ? ಇವನೇಕೆ ಬಾಡಿಗೆ ಕೋಣೆಯಲ್ಲಿ ಒಂದೇ ಒಂದು ಕಂಬಳಿ ಇಟ್ಟುಕೊಂಡಿದ್ದಾನೆ? ಒಂದು ಕಂಬಳಿಯವನು ಅದನ್ನು ಹೆಗಲಿಗೆ ಹಾಕಿಕೊಂಡು ಯಾವ ಗಳಿಗೆಯಲ್ಲಾದರೂ ಎದ್ದು ಹೋಗಬಹುದು.

ಕಂಬವೊಂದು ಒಂದೇ ಕಲ್ಲಲ್ಲ. ಐದೈದು ದಿಂಡುಗಲ್ಲು ಒಂದರ ಮೇಲೊಂದು. ಒಂದು ದಿನ ದಿಂಡಿನ ನಡುಮಧ್ಯೆ ಚೌಕದ ಗುಂಡಿ ತೋಡಿ, ಅದರೊಳಗೆ ಮರದ ತುಂಡು ಕೂರಿಸುತ್ತಿರುವುದನ್ನು ಅವಳು ನೋಡಿದಳು. ನೋಡಿದವಳೇ ಕೂಗಿದಳು: "ಅಯ್ಯಯ್ಯೋ, ಕಲ್ಲಿನ ಕಂಬ ಅಂತ ದುಡ್ಡು ತಗೊಂಡು ಒಳಗೆ ಮರ ತುಂಬ್ತಿದಾನೆ!"

ಕೆಲಸ ನಿಂತಿತು. ಅತ್ತ ಇತ್ತ ಇದ್ದವರೆಲ್ಲ ಬಂದರು. ಮೋಲೋನ್ ಉಳಿಯನ್ನು ಕೆಳಗಿಟ್ಟು ಬೆವರು ಒರೆಸಿಕೊಂಡ. ಕುಳ್ಳ, ಅಗಲ ಭುಜದ ಮನುಷ್ಯ. ಹುಬ್ಬಿನ ತುಂಬ ಕಲ್ಲಿನ ಪುಡಿ.

"ತಾಯಿ, ಇದು ಸೈಪ್ರೆಸ್ ಮರ. ಈ ತುಂಡಿನ ನಡುವೆ ಗೂಟ ಇರುತ್ತೆ. ಮೇಲಿನ ಕಲ್ಲಲ್ಲಿರೋ ಮರದ ತುಂಡಿಗೆ ಅದು ಹೋಗಿ ಕೂತ್ಕೊಂಡ್ರೆ ಎರಡು ಕಲ್ಲೂ ಒಂದೇ ನಡುವಿಗೆ ಬರುತ್ತೆ. ಎಲ್ಲಾ ಗುಡೀಲೂ ಹೀಗೇ."

"ಹುಳ ತಿಂದ್ರೆ?"

"ಒಳಗೆ ಗಾಳಿನೇ ಹೋಗಲ್ಲ, ಹುಳ ಹೇಗೆ ಹೋಗುತ್ತೆ?"

"ಗಾಳಿ ಹೋಗಲ್ಲ ಅಂತ ನೀವು ಹೇಳ್ತೀರಿ."

ಕೆಲಸದವರು ಬಿದ್ದು ಬಿದ್ದು ನಕ್ಕರು. ಮೋಲೋನ್ ನಗಲಿಲ್ಲ. "ಗಾಳಿ ಹೋಗಲ್ಲ ಅನ್ನೋದನ್ನ ನಾನಲ್ಲ, ಕೆಮ್ಮಣ್ಣು ಹೇಳುತ್ತೆ. ನಾಳೆ ಬಂದು ನೋಡಿ" ಎಂದ.

ಮರುದಿನ ಅವಳು ಆ ಪರೀಕ್ಷೆಯನ್ನು ಮೊದಲ ಸಲ ನೋಡಿದಳು. ದಿಂಡಿನಷ್ಟೇ ಅಗಲದ ಮಟ್ಟದ ಹಲಗೆಯೊಂದಕ್ಕೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಬಳಿದರು. ಅದನ್ನು ದಿಂಡಿನ ಮೇಲ್ಮೈಗೆ ಮಗುಚಿಟ್ಟು ಮೆಲ್ಲಗೆ ತಿರುಗಿಸಿ ಎತ್ತಿದರು. ಹಲಗೆ ಮುಟ್ಟಿದಲ್ಲೆಲ್ಲ ಕಲ್ಲು ಕೆಂಪಾಗಿತ್ತು. ಮುಟ್ಟದೆ ಉಳಿದಲ್ಲಿ, ಅಂದರೆ ಕಲ್ಲು ಕುಳಿಬಿದ್ದಲ್ಲಿ, ಬೆಳ್ಳಗೇ ಇತ್ತು. ಅಂಚಿನ ಸುತ್ತ ಒಂದು ಬೆರಳಗಲ ಬಿಳಿ ಕಂಡರೂ ಐವರು ಕಲ್ಲನ್ನು ತಿರಸ್ಕರಿಸುತ್ತಿದ್ದರು. ಪ್ರಾಕ್ಸೋಳಿಗೆ ಈ ಪದ್ಧತಿ ಹಿಡಿಸಿತು. ಊರಿನಲ್ಲಿ ತನ್ನ ಹಾಗೆ ಯಾರನ್ನೂ ನಂಬದಿರುವುದು ಇದೊಂದೇ ಎನಿಸಿತು.

ಆದರೆ ಆ ಬೇಸಗೆ ಎರಡು ಸಲ ಬಿಳಿ ಕಂಡಿತು. ಒಂದು ಸಲ ಕೆಲಸದವನ ಉಳಿ ಜಾರಿ, ಇನ್ನೊಂದು ಸಲ ಕಲ್ಲಿನಲ್ಲೇ ಇದ್ದ ಮೆದು ಎಳೆಯಿಂದಾಗಿ. ಎರಡು ತಿರಸ್ಕಾರ. ಇನ್ನೊಂದಾದರೆ ಮುಗಿಯಿತು. ಪ್ರಾಕ್ಸೋಳ ನಾಲಿಗೆಗೆ ಬಿಡುವೇ ಇಲ್ಲದಾಯಿತು. ಹಿಟ್ಟು ಬೀಸುವಾಗ, ಉಣ್ಣೆ ಹಿಂಜುವಾಗ, ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವಾಗ ಅದೇ ಮಾತು.

"ಅವನು ಓಡಿಹೋಗ್ತಾನೆ, ನೋಡ್ತಿರಿ. ಮುಂಗಡ ಆರ್ಗೋಸಿಗೆ ಕಳಿಸಿ ಆಗಿರುತ್ತೆ. ನಿಮ್ಮ ಹತ್ರ ಸಿಹಿ ಮಾತಾಡ್ತಾನಲ್ಲ, ಅದೇ ಗುರುತು."

ತೆಲೆಸ್ ಮೊದಲು ನಕ್ಕ, ಆಮೇಲೆ ಗದರಿದ, ಆಮೇಲೆ ಸುಮ್ಮನಾದ. ಸುಮ್ಮನಾದವನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಹೊಳೆಯಲಿಲ್ಲ.

ಆರನೆಯ ಕಂಬದ ಕೊನೆಯ ದಿಂಡಿನ ಪರೀಕ್ಷೆಗೆ ದಿನ ಗೊತ್ತಾಯಿತು. ಅಂದು ಮೊದಲು ಸಂತೆಕಟ್ಟೆಯಲ್ಲಿ ದೇವಿಗೆ ಆಡಿನ ಬಲಿ. ಕೆಲಸದವರಿಗೆಲ್ಲ ಅಲ್ಲೇ ಮಾಂಸದ ಪಾಲು. ಆಮೇಲೆ ಐವರು ಮೋಲೋನನ ಜೊತೆ ಗುಡಿಗೆ ಬರುವುದು. ಆ ಬೆಳಿಗ್ಗೆ ತೆಲೆಸ್ ಬೇಗ ಎದ್ದು ಆಡುಗಳನ್ನು ನೋಡಿಬರುತ್ತೇನೆಂದು ಹೋದ. ಬಿಸಿಲೇರಿದ ಮೇಲೆ ಬಂದು, ಹೊದಿಕೆ ಬದಲಿಸಿ, ಅಂಗಳದ ಬೆಂಚಿನ ಮೇಲೆ ಕೂತ. ಮುಂದಿಟ್ಟ ರೊಟ್ಟಿ ಮುಟ್ಟಲಿಲ್ಲ.

ಕಳಚಿಟ್ಟ ಹೊದಿಕೆಯನ್ನು ಒಗೆಯಲು ಎತ್ತಿಕೊಂಡ ಪ್ರಾಕ್ಸೋ ಅದರ ಸೆರಗು ನೋಡಿದಳು. ಕೆಂಪು. ರಕ್ತವಲ್ಲ, ಮೂಸಿದರೆ ಎಣ್ಣೆಯ ವಾಸನೆ. ಬೆರಳಿನಿಂದ ಉಜ್ಜಿದಳು. ಕೆಮ್ಮಣ್ಣು.

"ಆಡಿನ ಹಟ್ಟೀಲಿ ಕೆಮ್ಮಣ್ಣು ಯಾವಾಗಿಂದ ರೀ?"

ತೆಲೆಸ್ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡ. ಅವನ ಉಗುರಿನ ಸಂದಿಯಲ್ಲೂ ಕೆಂಪಿತ್ತು.

"ಏನು ಮಾಡಿದ್ರಿ? ಹೇಳ್ರಿ, ಅತ್ತೆ ಬರೋದ್ರೊಳಗೆ ಹೇಳ್ರಿ."

"ನಿನ್ನೆ ಮೋಲೋನ್ ನನಗೊಬ್ಬನಿಗೇ ಹೇಳಿದ. ಕೊನೇ ದಿಂಡಿನ ಅಂಚು ಒಂದು ಕಡೆ ಎರಡು ಬೆರಳಗಲ ಕುಳಿಬಿದ್ದಿದೆಯಂತೆ. ಪರೀಕ್ಷೆಗೆ ಮೊದಲು ತಾನೇ ಐವರಿಗೆ ಹೇಳಿ ಆರು ದಿನ ಕೇಳ್ತೀನಿ, ತಡವಾದ್ದಕ್ಕೆ ದಿನದ ದಂಡ ತಾನೇ ಕಟ್ತೀನಿ, ನೀನು ಹೆದರಬೇಡ ಅಂದ."

"ಅದಕ್ಕೆ?"

"ನಂಬಿಕೆ ಬರಲಿಲ್ಲ. ಅವನು ಹೇಳದೇ ಹೋದ್ರೆ? ಪರೀಕ್ಷೆ ಆಗಿ, ಬಿಳಿ ಕಂಡು, ಮೂರನೇದು ಅಂತ ಆಗ್ಬಿಟ್ರೆ? ಅದಕ್ಕೇ ಆ ಕುಳಿಗೆ ಮೊದಲೇ ಕೆಂಪು ಬಳಿದು ಬಂದೆ. ಹಲಗೆ ಎತ್ತಿದಾಗ ಎಲ್ಲಾ ಕಡೆ ಕೆಂಪೇ ಕಾಣ್ಲಿ ಅಂತ."

"ದೇವಿ ಕಣ್ಣಿಗೆ ಮಣ್ಣೆರಚಿದ್ರಾ?"

"ನೀನೇ ತಾನೆ ಹೇಳ್ತಾ ಇದ್ದಿದ್ದು?" ತೆಲೆಸನ ದನಿ ಒಡೆಯಿತು. "ನಾಲ್ಕು ತಿಂಗಳಿಂದ ದಿನಾ ಕಿವೀಲಿ ಹೊಯ್ತಾ ಇದ್ದೆ, ಅವನು ಓಡಿಹೋಗ್ತಾನೆ, ಓಡಿಹೋಗ್ತಾನೆ ಅಂತ. ಮನುಷ್ಯ ಎಷ್ಟು ದಿನ ತಡ್ಕೋಬೇಕು?"

ಪ್ರಾಕ್ಸೋ ಆ ಸೆರಗನ್ನು ಹಿಡಿದುಕೊಂಡೇ ನಿಂತಳು. ಎಣ್ಣೆಯವನನ್ನು, ಚೀಸಿನವನನ್ನು, ಆರ್ಗೋಸಿನವನನ್ನು, ಊರನ್ನೇ ಕಣ್ಣಿಟ್ಟು ಕಾದಳು. ತನ್ನ ಮಗ್ಗುಲಲ್ಲಿ ಮಲಗುವವನನ್ನು ಕಾಯಲಿಲ್ಲ. ಅವನನ್ನು ಕೆಡಿಸಿದ್ದೂ ತಾನೇ.

ಕೆಂಪು ಹಾಗೇ ಉಳಿದರೆ ಮನೆ ಉಳಿಯಬಹುದು. ಆದರೆ ಕುಳಿಬಿದ್ದ ಕಲ್ಲು ದೇವಿಯ ತಲೆಯ ಮೇಲೆ ಹೋಗಿ ಕೂರುತ್ತದೆ. ಮಳೆನೀರು ಆ ಸಂದಿಗೆ ಇಳಿಯುತ್ತದೆ, ಹಿಮ ಕಟ್ಟುತ್ತದೆ, ಒಂದು ದಿನ ಅಂಚು ಸಿಡಿಯುತ್ತದೆ. ದೇವಿ ಲೆಕ್ಕ ಕೇಳುವುದು ಯಾರನ್ನು? ಐವರನ್ನಲ್ಲ. ಬಾಗಿಲ ಬಳಿ ಮಿಕ್ಕಾ ಕೋಳಿಯನ್ನು ಅಟ್ಟುತ್ತ ಕೆಮ್ಮಿದಳು. ನಿನ್ನೆಯೂ ಎರಡು ಸಲ ಕೆಮ್ಮಿದ್ದಳು.

ಅಷ್ಟು ಸಾಕಾಯಿತು. ಪ್ರಾಕ್ಸೋ ಬಟ್ಟೆ ತೊಳೆಯುವ ಚೌಳು ಮಣ್ಣಿನ ಗಂಟು, ಬೂದಿನೀರಿನ ಕುಡಿಕೆ, ಉಣ್ಣೆಯ ಚಿಂದಿ ಬುಟ್ಟಿಗೆ ಹಾಕಿದಳು. ಮೇಲೆ ರೊಟ್ಟಿ ಮುಚ್ಚಿದಳು. ಮಗುವನ್ನು ಸೊಂಟಕ್ಕೇರಿಸಿ ಹೊರಟಳು.

"ಎಲ್ಲಿಗೇ?" ಎಂದು ತೆಲೆಸ್ ಹಿಂದಿನಿಂದ ಕೂಗಿದ.

"ಒಗೆಯೋಕೆ."

ಗುಡಿಯ ಹತ್ತಿರ ಮುದಿ ಕಾವಲುಗಾರ ಒಬ್ಬನೇ. ದಿನವೂ ಊಟ ತರುವವಳನ್ನು ಅವನೇನು ತಡೆಯುವುದು? ಅವನ ಕೈಗೆ ಎರಡು ರೊಟ್ಟಿ ಕೊಟ್ಟು ಒಳಗೆ ಹೋದಳು. ಕೊನೆಯ ದಿಂಡು ಮರದ ತೊಲೆಗಳ ಮೇಲೆ, ಹುಲ್ಲು ಹೊದ್ದು, ಮುಖ ಮೇಲೆ ಮಾಡಿ ಕೂತಿತ್ತು. ಹುಲ್ಲು ಸರಿಸಿದಳು. ಅಂಚಿನ ಒಂದು ಕಡೆ ತೆಳ್ಳಗೆ, ಜಾಣತನದಿಂದ ಬಳಿದ ಕೆಂಪು. ಗಂಡನಿಗೆ ಇಷ್ಟು ಕೈಚಳಕ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದಕ್ಕೂ ಒಂದು ಕ್ಷಣ ಹೆದರಿದಳು.

ಮಗುವನ್ನು ಪಕ್ಕದಲ್ಲಿ ಕೂರಿಸಿ ಉಜ್ಜತೊಡಗಿದಳು. ಎಣ್ಣೆ ಕಲ್ಲಿನೊಳಗೆ ಇಳಿದಿತ್ತು. ಚೌಳು ಹಾಕಿದಳು, ಬೂದಿನೀರು ಸುರಿದಳು, ಎರಡೂ ಕೈಯಿಂದ ತಿಕ್ಕಿದಳು. ಕೆಂಪು ನೀರು ದಿಂಡಿನ ಪಕ್ಕೆಯ ಮೇಲೆ ಹರಿಯಿತು. ಮಿಕ್ಕಾ ಖುಷಿಯಿಂದ ಅದರಲ್ಲಿ ಅಂಗೈ ಅದ್ದಿ ಕೆನ್ನೆಗೆ ಬಳಿದುಕೊಂಡಳು. "ಛೀ, ಬೂದಿನೀರು ಕಣೇ, ಕಣ್ಣು ಮುಟ್ಟಬೇಡ!" ಎಂದು ತಾಯಿ ಕೈ ಒರೆಸುವಷ್ಟರಲ್ಲಿ ಹಿಂದೆ ಹೆಜ್ಜೆಯ ಸದ್ದು.

ಐವರೂ ಬಂದಿದ್ದರು. ಮುಂದೆ ಮೋಲೋನ್.

ಐವರಲ್ಲಿ ಹಿರಿಯ, ಒನಾಸಿಮ ಎಂಬವನು, ಕೋಲನ್ನು ನೆಲಕ್ಕೆ ಕುಟ್ಟಿದ. "ಏನಿದು? ಪರೀಕ್ಷೆಯ ಕಲ್ಲನ್ನ ಮುಟ್ಟೋಕೆ ಯಾರು ಹೇಳಿದ್ರಮ್ಮ ನಿಂಗೆ?"

ಪ್ರಾಕ್ಸೋ ಚಿಂದಿಯನ್ನು ಹಿಡಿದೇ ಎದ್ದಳು. ನಿಜ ಹೇಳಿದರೆ ಗಂಡ ಕಳ್ಳ. ಸುಳ್ಳು ಹೇಳೋಣವೆಂದರೆ ಯಾವ ಸುಳ್ಳೂ ಹೊಳೆಯಲಿಲ್ಲ. ಇಷ್ಟು ವರ್ಷ ಪರರ ಸುಳ್ಳನ್ನೇ ಹುಡುಕಿದವಳಿಗೆ ತನ್ನದೆಂದು ಒಂದೂ ಸಿದ್ಧವಿರಲಿಲ್ಲ.

"ಮಗುವಿನ ಕೈಯೆಲ್ಲ ಕೆಂಪು" ಎಂದ ಇನ್ನೊಬ್ಬ. "ಕೆಮ್ಮಣ್ಣು! ಕಲ್ಲಿಗೆ ಬಳೀತಿದ್ಲು."

"ಜಾಮೀನುದಾರನ ಹೆಂಡ್ತಿ ಅಲ್ವಾ ಇವಳು? ತೆಲೆಸ್ ಎಲ್ಲಿ?"

ಮೋಲೋನ್ ದಿಂಡಿನ ಹತ್ತಿರ ಬಂದ. ಬಗ್ಗಿ ನೋಡಿದ. ಒದ್ದೆಯ ಕಲ್ಲಿನ ಮೇಲೆ ಕುಳಿಯಿದ್ದ ಜಾಗದಲ್ಲಿ ಮಾತ್ರ, ಅಷ್ಟಗಲಕ್ಕೆ ಸರಿಯಾಗಿ, ತಿಳಿಗೆಂಪು ಉಳಿದಿತ್ತು. ಅವನು ಹೆಬ್ಬೆರಳು ಆಡಿಸಿದ. ಪ್ರಾಕ್ಸೋಳ ಒಡೆದ ಕೈಗಳನ್ನು ನೋಡಿದ, ಚೌಳಿನ ಗಂಟನ್ನು ನೋಡಿದ. ಬೇಲಿಯಾಚೆ ಏದುಸಿರು ಬಿಡುತ್ತ ಬಂದು ನಿಂತ ತೆಲೆಸನನ್ನೂ ನೋಡಿದ.

"ನಾನೇ ಕರೆಸಿದ್ದು" ಎಂದ. "ಗುರುತಿಗೆ ಅಂತ ನಿನ್ನೆ ಇಲ್ಲಿಗೆ ಕೆಮ್ಮಣ್ಣು ಹಚ್ಚಿದ್ದೆ. ನನ್ನ ಆಳುಗಳೆಲ್ಲ ಮಾಂಸ ತಿನ್ನೋಕೆ ಹೋದ್ರು. ತೊಳೆದಿಡಿ ತಾಯಿ ಅಂದಿದ್ದೆ. ನೀವು ಬಂದಿದ್ದು ಒಳ್ಳೇದಾಯ್ತು, ಒಂದು ವಿಷಯ ಹೇಳೋದಿತ್ತು. ಈ ಅಂಚು ಕುಳಿಬಿದ್ದಿದೆ. ಇಲ್ಲಿ, ಬೆರಳಿಟ್ಟು ನೋಡಿ. ಇವತ್ತು ಇದು ಪರೀಕ್ಷೆಗೆ ತಯಾರಿಲ್ಲ. ಆರು ದಿನ ಕೊಡಿ, ಇಡೀ ಮುಖ ಕೆಳಗಿಳಿಸ್ತೀನಿ. ದಿನದ ದಂಡ ನನ್ನ ಲೆಕ್ಕಕ್ಕೆ."

ಒನಾಸಿಮ ಬೆರಳಿಟ್ಟು ನೋಡಿದ. ಆದರೂ ಕಣ್ಣು ಕಿರಿದಾಗಿಯೇ ಇತ್ತು. ಪ್ರಾಕ್ಸೋಳ ಕಡೆ ತಿರುಗಿದ. "ಇವನು ಹೇಳೋದು ನಿಜವೇನಮ್ಮ? ಇವನೇ ತೊಳೆಯೋಕೆ ಹೇಳಿದ್ನಾ?"

ಎಲ್ಲರೂ ಅವಳತ್ತಲೇ ನೋಡಿದರು. ಇವನು ಯಾಕೆ ನಮ್ಮನ್ನು ಉಳಿಸುತ್ತಿದ್ದಾನೆ? ಇದರ ಹಿಂದೆ ಏನಿದೆ? ನಾಳೆ ಏನು ಕೇಳುತ್ತಾನೆ? ಇಷ್ಟೂ ಅವಳ ತಲೆಯಲ್ಲಿ ಓಡಿತು. ಉತ್ತರ ಹುಡುಕಲು ಸಮಯವಿರಲಿಲ್ಲ.

"ಹೌದು" ಎಂದಳು. "ಅವರೇ ಹೇಳಿದ್ದು."

ಅವಳ ಬಾಯಿಂದ ಇನ್ನೊಬ್ಬರ ಮಾತಿಗೆ ಹೌದು ಬಂದದ್ದು ಕೇಳಿ ಒನಾಸಿಮನಿಗೇ ಅಚ್ಚರಿಯಾಯಿತು. "ಈಕೆ ಹೌದು ಅಂದ್ಮೇಲೆ ಹೌದೇ ಇರಬೇಕು" ಎಂದು ಗೊಣಗಿ, ಆರು ದಿನ ಬರೆಸಿದ.

ಆ ಆರು ದಿನ ಪ್ರಾಕ್ಸೋ ಗುಡಿಯ ಕಡೆ ಹೋಗಲಿಲ್ಲ. ಏಳನೆಯ ದಿನ ಹಲಗೆ ಎತ್ತಿದಾಗ ಕೆಂಪು ಬಳೆಯಂತೆ ಸುತ್ತ ಒಂದೇ ಸಮನೆ ಬಂದಿತ್ತು ಎಂದು ತೆಲೆಸ್ ಬಂದು ಹೇಳಿದ. "ನಿಜಾನಾ?" ಎಂದು ಅವಳು ಕೇಳಲಿಲ್ಲ. ಕೇಳಬಾರದೆಂದು ತುಟಿ ಕಚ್ಚಿಕೊಂಡಿದ್ದು ಅತ್ತೆಗೆ ಕಂಡಿತು. ಸಂಜೆ ದಿಂಡನ್ನು ಹಗ್ಗ ಕಟ್ಟಿ ಏರಿಸಿದರು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಆರು ಕಂಬವೂ ಒಪ್ಪಿಗೆಯಾಗಿ, ಜಾಮೀನು ಬಿಡುಗಡೆಯಾಯಿತು. ಮನೆ ಉಳಿಯಿತು. ಮಿಕ್ಕಾಳ ಕೆಮ್ಮು ತಾನಾಗಿಯೇ ಹೋಯಿತು.

ಆದರೆ ಒಂದು ಮಾತು ಪ್ರಾಕ್ಸೋಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಆ ಮನುಷ್ಯ ಯಾಕೆ ಸುಳ್ಳು ಹೇಳಿದ? ಉಪಕಾರವೆಂದರೆ ಅವಳಿಗೆ ಮೋಸಕ್ಕಿಂತ ಹೆಚ್ಚು ಭಯ. ಮೋಸಕ್ಕೆ ಕಾರಣ ಗೊತ್ತಿರುತ್ತದೆ.

ಮುಂದಿನ ವಸಂತದಲ್ಲಿ ಮೋಲೋನ್ ಮನೆಗೆ ಬಂದ. ಹಿಂಭಾಗದ ಆರು ಕಂಬದ ಗುತ್ತಿಗೆ ಕೂಗುತ್ತಿದ್ದಾರೆ, ಮತ್ತೆ ಜಾಮೀನು ಬೇಕು ಎಂದ. ತೆಲೆಸ್ ಹೆಂಡತಿಯ ಮುಖ ನೋಡಿದ.

ಪ್ರಾಕ್ಸೋ ಬಾಗಿಲಲ್ಲೇ ನಿಂತು ಕೇಳಿದಳು. "ಮೊದಲು ಒಂದು ಹೇಳಿ. ಅವತ್ತು ಯಾಕೆ ಹಾಗಂದ್ರಿ? ದೇವಿಗೆ ಹೆದರಿಯಾ? ನಮ್ಮ ಮಗು ಮುಖ ನೋಡಿಯಾ?"

ಮೋಲೋನ್ ತಲೆ ಕೆರೆದುಕೊಂಡ. ಹುಬ್ಬಿನಿಂದ ಕಲ್ಲಿನ ಪುಡಿ ಉದುರಿತು.

"ಯಾವುದೂ ಅಲ್ಲ ತಾಯಿ. ನಿಜ ಹೇಳಿದ್ರೆ ನಿಮ್ಮ ಗಂಡನ್ನ ಜಾಮೀನಿಂದ ತೆಗೀತಿದ್ರು. ಜಾಮೀನು ಇಲ್ದೆ ನನ್ನ ಗುತ್ತಿಗೆ ಅಲ್ಲಿಗೇ ಬಿದ್ದೋಗ್ತಿತ್ತು. ಹೊರಗಿನವನಿಗೆ ಈ ಊರಲ್ಲಿ ಇನ್ನ್ಯಾರು ಕೈ ಎತ್ತುತ್ತಿದ್ರು? ನನ್ನ ಕೆಲಸ ಉಳಿಸ್ಕೊಂಡೆ ಅಷ್ಟೆ."

ಎಂಟು ತಿಂಗಳಿಂದ ಬಿಗಿಹಿಡಿದಿದ್ದ ಉಸಿರನ್ನು ಪ್ರಾಕ್ಸೋ ಬಿಟ್ಟಳು. ಇದು ನಂಬಬಹುದಾದ ಮಾತು. ಮಿಕ್ಕಾಳನ್ನು ಅತ್ತೆಯ ತೊಡೆಗೆ ಇಳಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಟ್ಟಿಲಿಳಿದಳು.

"ಹೆಸರು ಬರೆಸೋದು ಆಮೇಲೆ. ಕಲ್ಲು ಯಾವ ಗಣೀದು? ನಡೀರಿ, ನೋಡ್ಬೇಕು."